ಹೂಳಿನಲ್ಲಿ ಜಾರದ ಗಾಲಿ

“ಅಜ್ಜಾರೆ, ಯಾರಿಗೂ ಇಲ್ಲ ಎನ್ನದೆ ಬದುಕುವ ಶಕ್ತಿ ಬರಬೇಕಾದರೆ ಏನು ಮಾಡಬೇಕು?” ಎಂದು ಶಿಷ್ಯ ಕೇಳಿದ.

ಅವನ ಹೆಸರು ಅಡವೀಶ. ಮರುದಿನ ಅವನು ಹೊಳೆಯಾಚೆಯ ಶಾಖಾಮಠದ ಹೊಣೆ ಹೊರಲು ಹೊರಡುವವನಿದ್ದ. ಬೇಡಿ ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಅವನಿಂದ ಆಗದು. ಹಾಗೆ ಕಳಿಸಬೇಕಾಗಿ ಬಂದ ದಿನ ಊಟ ಬಿಟ್ಟು ಮಲಗುತ್ತಿದ್ದ. ಗುರುಗಳಾದ ಅಜ್ಜನವರಿಗೆ ಅವನ ಮೇಲೆ ಪ್ರೀತಿಯೂ ಇತ್ತು, ಇದಕ್ಕಾಗಿ ಸ್ವಲ್ಪ ಸಿಟ್ಟೂ ಇತ್ತು.

“ಕೂತುಕೋ,” ಎಂದರು. “ಟೈರು ಕೊಂಡವನ ಕತೆ ಹೇಳುತ್ತೇನೆ. ಹುಬ್ಬೇರಿಸಬೇಡ. ಮಠದ ಜೀಪು ಕೆಸರಿನಲ್ಲಿ ಹೂತಾಗಲೆಲ್ಲ ಹಿಂದಿನಿಂದ ನೂಕಿದವನು ನಾನು. ನೀನು ಆಗ ಒಳಗೆ ಕೂತಿರುತ್ತಿದ್ದೆ.”

ಒಬ್ಬ ಪಿಕಪ್ ಗಾಡಿಯವನಿದ್ದ. ಅವನದು ಮುಳುಗಡೆಯಾಗಿ ಎದ್ದು ಬಂದವರ ಊರು. ಅಣೆಕಟ್ಟು ಕಟ್ಟಿದಾಗ ಹಳೆಯ ಊರು ನೀರಿನ ಪಾಲಾಯಿತು. ಜನ ಬಾಗಿಲು, ತೊಲೆ, ದೇವರು ಎಲ್ಲವನ್ನೂ ಕಿತ್ತುಕೊಂಡು ಎತ್ತರದ ಬಯಲಿಗೆ ಬಂದು ಹೊಸ ಊರು ಮಾಡಿಕೊಂಡರು. ಅಂದು ನೀರು ಏರುತ್ತಿದ್ದಾಗ ಒಬ್ಬ ಲಾರಿಯವನು ಗಂಟು ಹಿಡಿದು ನಿಂತವರನ್ನೆಲ್ಲ ಹತ್ತಿಸಿಕೊಂಡ. ಒಬ್ಬರಿಗೂ ಇಲ್ಲ ಎನ್ನಲಿಲ್ಲ. ಆ ಉಪಕಾರದ ನೆನಪಿಗೆ ಹೊಸ ಊರಿನ ಗಾಡಿಯವರು ಒಂದು ನೇಮ ಮಾಡಿಕೊಂಡರು. ದಾರಿಯಲ್ಲಿ ಗಂಟು ಹಿಡಿದು ನಿಂತವರಿಗೆ ‘ಬರುವುದಿಲ್ಲ’ ಎನ್ನಬಾರದು. ಸ್ಟೀರಿಂಗ್ ಮುಟ್ಟಿ ಹಾಗೆಂದು ಆಣೆ ಮಾಡಿದ ಮೇಲೇ ಅಲ್ಲಿ ಒಬ್ಬನು ಡ್ರೈವರ್ ಎನಿಸಿಕೊಳ್ಳುತ್ತಿದ್ದ.

ಬೇಸಿಗೆಯಲ್ಲಿ ಹಿನ್ನೀರು ಇಳಿಯುತ್ತದೆ. ಹಳೆಯ ಊರಿನ ದಾರಿ ಹೂಳಿನ ನಡುವೆ ಮತ್ತೆ ಕಾಣುತ್ತದೆ. ಆ ದಿನಗಳಲ್ಲಿ, ಮಟಮಟ ಮಧ್ಯಾಹ್ನ, ದಾರಿ ಕವಲೊಡೆಯುವ ಜಾಗದಲ್ಲಿ ಕೆಲವರು ಗಂಟು ಹಿಡಿದು ನಿಂತಿರುತ್ತಿದ್ದರು. ಹೊಸ ಊರಿಗೆ ಬಂದು, ಅದಕ್ಕೆ ಒಗ್ಗದೆ, ಕೊರಗಿ ತೀರಿಕೊಂಡವರು ಅವರು. ‘ಹಳೇ ಊರಿಗೆ ಬಿಡಪಾ’ ಎಂದು ಕೇಳುತ್ತಿದ್ದರು. ಸತ್ತವರಾದರೂ ಅವರ ಕೈಯಲ್ಲಿ ಗಂಟಿತ್ತು, ಬರುವುದಿಲ್ಲ ಎನ್ನುವಂತಿರಲಿಲ್ಲ. ‘ಗಾಲಿ ಹೋಗಂಗಿಲ್ಲ’ ಎಂದು ಗಾಡಿಯವರು ಹೇಳುತ್ತಿದ್ದರು. ಅದು ಸುಳ್ಳೂ ಅಲ್ಲ. ಆ ಹೂಳಿನಲ್ಲಿ ಗಾಲಿ ಮೊಳಕಾಲುದ್ದ ಹೂತುಹೋಗುತ್ತಿತ್ತು. ನಿಂತವರು ಬಗ್ಗಿ ಗಾಲಿಯನ್ನು ನೋಡುತ್ತಿದ್ದರು. ಹೌದೆಂದು ತಲೆಯಾಡಿಸಿ ಹಿಂದೆ ಸರಿಯುತ್ತಿದ್ದರು. ಎಷ್ಟೋ ಬೇಸಿಗೆಗಳು ಹೀಗೇ ಕಳೆದವು, ಯಾರಿಗೂ ತೊಂದರೆಯಾಗಲಿಲ್ಲ.

ನಮ್ಮ ಗಾಡಿಯವನು ಹಿನ್ನೀರಿನ ದಂಡೆಯ ಹೊಲಗಳಿಂದ ಕಲ್ಲಂಗಡಿ ಸಾಗಿಸುತ್ತಿದ್ದ. ಒಂದು ಸಲ ಹೂಳಿನ ಅಂಚಿನಲ್ಲಿ ಗಾಡಿ ಸಿಕ್ಕಿಬಿದ್ದು ಹಣ್ಣೆಲ್ಲ ಬಿಸಿಲಿಗೆ ಕೊಳೆಯಿತು. ಅವನಿಗೆ ತಲೆಕೆಟ್ಟುಹೋಯಿತು. ಪೇಟೆಗೆ ಹೋಗಿ ಟೈರಿನ ಅಂಗಡಿ ಹೊಕ್ಕ. ಅಂಗಡಿಯವನು ಎರಡು ಬಗೆಯವನ್ನು ಉರುಳಿಸಿ ತಂದ. ಎಲ್ಲ ನೆಲಕ್ಕೂ ಆಗುತ್ತವೆ ಎಂದು ಮಾರುವ ಟೈರುಗಳೇ ಎರಡೂ. ಒಂದರ ಬಟನ್, ಅಂದರೆ ನೆಲ ಕಚ್ಚುವ ಉಬ್ಬು, ಸಣ್ಣದು. ಡಾಂಬರಿಗೆ, ಕಲ್ಲಿಗೆ, ಹೊಲದ ದಾರಿಗೆ ಸಾಕು. ತೀರ ಮೆತ್ತನೆಯ ಹೂಳಿಗೆ ಸಾಲದು. ಇನ್ನೊಂದರ ಬಟನ್ ದಪ್ಪ, ನಡುವಿನ ಸಂದು ಆಳ.

‘ಸಣ್ಣದು ಹೂಳಿನಾಗ ಕೈ ಕೊಡ್ತೈತಿ. ಈ ದಪ್ಪಂದು ಎಲ್ಲಿ ಬೇಕಾದ್ರೂ ಹೊಕ್ಕೈತಿ,’ ಎಂದ ಅಂಗಡಿಯವನು. ಮಾರಲು ಕೂತವನು ಮತ್ತೇನು ಹೇಳಿಯಾನು?

ಗಾಡಿಯವನು ಎರಡನ್ನೂ ಒತ್ತಿ ನೋಡಿದ. ಬಹಳ ಹೊತ್ತು ಯೋಚಿಸಿದ. ಕವಲಿನಲ್ಲಿ ನಿಲ್ಲುವವರ ನೆನಪು ಬರದೆ ಇರಲಿಲ್ಲ. ಹಳೆಯ ಮಾತನ್ನೇ ಹೇಳಿದರಾಯಿತು, ಸತ್ತವರಿಗೆ ಟೈರಿನ ತಿಳಿವಳಿಕೆ ಎಲ್ಲಿಂದ ಬರಬೇಕು ಎಂದುಕೊಂಡ. ದಪ್ಪ ಬಟನ್ನಿನದನ್ನೇ ಹಾಕಿಸಿದ.

ಅವನ ಹೆಂಡತಿ ತುಂಬು ಬಸುರಿ. ಮರುದಿನ ಮುಂಜಾನೆ ಅವನು ಹೊರಟಾಗ ಹೊಸ್ತಿಲಲ್ಲಿ ನಿಂತು, ‘ಲಗೂನ ಬರ್ರಿ. ಇವತ್ತ ನನ್ನ ದವಾಖಾನಿಗೆ ಕರಕೊಂಡ ಹೋಗ್ರಿ. ಯಾಕೋ ಧೈರ್ಯ ಸಾಲವಲ್ದು,’ ಎಂದಳು.

‘ಒಂದ ಲೋಡ್ ಇಳಿಸಿ ಬಂದಬಿಡ್ತೀನಿ,’ ಎಂದ. ಮನಸಾರೆ ಆಡಿದ ಮಾತು ಅದು. ಅವನಿಗೆ ಅವಳೆಂದರೆ ಜೀವ.

ಲೋಡು ಇಳಿಸಿ ಬರುವಾಗ ಮಧ್ಯಾಹ್ನವಾಗಿತ್ತು. ಕವಲಿನಲ್ಲಿ ಒಬ್ಬ ಮುದುಕಿ ನಿಂತಿದ್ದಳು. ಹಳೆಯ ಊರಿಗೆ ಬಿಡು ಎಂದಳು.

‘ಗಾಲಿ ಹೋಗಂಗಿಲ್ಲ ಯವ್ವಾ,’ ಎಂದ.

ಮುದುಕಿ ಬಗ್ಗಿದಳು. ಬಟನ್ನಿನ ಸಂದಿನಲ್ಲಿ ಬೆರಳಿಟ್ಟಳು. ಬೆರಳು ಇಳಿಯುತ್ತಾ ಹೋಯಿತು. ಅವಳು ತಲೆಯೆತ್ತಿ ಅವನನ್ನು ನೋಡಿ ನಕ್ಕಳು. ‘ಹೊಕ್ಕೈತಲ್ಲೋ ಮಗನ,’ ಎಂದು ಬಾಗಿಲು ತೆಗೆದು ಪಕ್ಕದಲ್ಲಿ ಕುಳಿತಳು.

ಇವಳೊಬ್ಬಳನ್ನು ಬಿಟ್ಟು ತಿರುಗಿಬಿಡುತ್ತೇನೆ ಎಂದುಕೊಂಡು ಅವನು ಗಾಡಿಯನ್ನು ಹೂಳಿಗೆ ಇಳಿಸಿದ. ಗಾಡಿ ಡಾಂಬರಿನ ಮೇಲೆ ಹೋದಂತೆ ಹೋಯಿತು. ಹಳೆಯ ಊರಿನಲ್ಲಿ ಸೊಂಟದೆತ್ತರದ ಗೋಡೆಗಳು, ಬಾಗಿಲು ಕಿತ್ತ ತೆರಪುಗಳು. ಅಂಥದೊಂದು ತೆರಪಿನ ಮುಂದೆ ಮುದುಕಿ ಇಳಿದು ಒಳಗೆ ಹೋದಳು. ಅವನು ಗಾಡಿ ತಿರುಗಿಸಿದ. ಎದುರಿಗೆ ಒಬ್ಬ ಮುದುಕ ಗಂಟು ಹಿಡಿದು ನಿಂತಿದ್ದ. ಹೊಳೆಯ ಕಡೆಯ ಹೊಲಕ್ಕೆ ಬಿಡಬೇಕಿತ್ತು.

ಅವನೂ ಬಗ್ಗಿ ಗಾಲಿ ನೋಡಿದ.

ಅವನನ್ನು ಇಳಿಸಿದಲ್ಲಿ ಇನ್ನೊಬ್ಬಳು. ಅವಳಿಗೆ ಇನ್ನೂ ಕೆಳಗೆ ಹೋಗಬೇಕು. ಯಾರೂ ಹೆದರಿಸಲಿಲ್ಲ, ಕೈ ಹಿಡಿದು ಜಗ್ಗಲಿಲ್ಲ. ನೆಂಟರು ಕೇಳುವ ಹಾಗೆ ಮೆಲ್ಲಗೆ ಕೇಳಿದರು. ಪ್ರತಿಸಲವೂ ಅವನಿಗೆ ಹೆಂಡತಿಯ ಮುಖ ನೆನಪಾಗುತ್ತಿತ್ತು. ಪ್ರತಿಸಲವೂ ‘ಇದೊಂದೇ’ ಎಂದುಕೊಳ್ಳುತ್ತಿದ್ದ. ಹೊತ್ತು ವಾಲಿತು. ನೆಲ ಒದ್ದೆಯಾಯಿತು, ಆಮೇಲೆ ನೀರು ಬಂತು. ನೀರಿನೊಳಗೂ ಗಾಲಿ ಜಾರಲಿಲ್ಲ. ಒಂದೇ ಒಂದು ಸಲ ಜಾರಿದ್ದರೂ ಅವನು ಇಲ್ಲ ಎನ್ನಬಹುದಿತ್ತು.

ಇತ್ತ ಹೆಂಡತಿಗೆ ನೋವು ಶುರುವಾಯಿತು. ಪಕ್ಕದ ಮನೆಯವನು ತನ್ನ ಹಳೆಯ ಗೂಡ್ಸ್ ಆಟೊ ತಂದು ನಿಲ್ಲಿಸಿದ. ‘ಬರ್ತೀನಂದಾರ, ಬರ್ತಾರ,’ ಎಂದು ಅವಳು ಹತ್ತಲಿಲ್ಲ. ಹೆಂಗಸರು ಎತ್ತಿ ಕೂರಿಸುವ ಹೊತ್ತಿಗೆ ಬಹಳ ತಡವಾಗಿತ್ತು. ಕೂಸು ಉಳಿಯಿತು, ತಾಯಿ ಉಳಿಯಲಿಲ್ಲ. ಈ ಕತೆ ಎಷ್ಟು ಸಲ ಹೇಳಿದರೂ ಇಲ್ಲಿಗೆ ಬಂದಾಗ ನನಗೆ ಸಂಕಟವಾಗುತ್ತದೆ.

ಊರವರು ಅವನನ್ನು ಹುಡುಕಿಕೊಂಡು ಕವಲಿಗೆ ಹೋದರು. ಹೂಳಿನ ಮೇಲೆ ಬಟನ್ನಿನ ಗುರುತು ಸ್ಪಷ್ಟವಾಗಿತ್ತು. ಕೆಳಗೆ ಹೋದ ಗುರುತು ಇತ್ತು, ಮೇಲೆ ಬಂದದ್ದು ಇರಲಿಲ್ಲ. ಅದರ ಮೇಲೆ ಹೋಗಿ ನೋಡೋಣವೆಂದರೆ ಯಾರ ಗಾಲಿಯೂ ಹೋಗುವಂಥದ್ದಲ್ಲ. ಮಳೆಗಾಲ ಬಂತು, ನೀರು ಏರಿ ಎಲ್ಲವನ್ನೂ ಮುಚ್ಚಿತು. ತೆಪ್ಪದಲ್ಲಿ ಬಲೆ ಬೀಸುವವರು ಈಗಲೂ ಒಮ್ಮೊಮ್ಮೆ ಹುಟ್ಟು ಎತ್ತಿಟ್ಟು ಕಿವಿಗೊಡುತ್ತಾರೆ. ನೀರಿನ ಕೆಳಗೆ ಯಾರೋ ಗೇರು ಬದಲಾಯಿಸುವ ಸದ್ದು ಕೇಳುತ್ತದಂತೆ. ಬೇಸಿಗೆಯಲ್ಲಿ ಆ ಕವಲಿನಲ್ಲಿ ಈಗ ಯಾರೂ ನಿಲ್ಲುವುದಿಲ್ಲ. ಕೇಳಿದವರೆಲ್ಲ ಮುಟ್ಟಬೇಕಾದಲ್ಲಿ ಮುಟ್ಟಿದ್ದಾರೆ.

ಅಜ್ಜನವರು ಕತೆ ನಿಲ್ಲಿಸಿದರು. ಅಡವೀಶನ ಕಣ್ಣು ತುಂಬಿತ್ತು. ಆದರೂ ಅವನೊಳಗೆ ಗಾಡಿಯವನ ಮೇಲೆ ಒಂದು ಗೌರವ ಹುಟ್ಟಿತ್ತು, ಅದನ್ನು ಅವನು ಮುಚ್ಚಿಡಲಿಲ್ಲ.

“ಏನೇ ಆಗಲಿ ಅಜ್ಜಾರೆ,” ಎಂದ, “ಅವನು ಕೊನೆಯವರೆಗೂ ಯಾರಿಗೂ ಇಲ್ಲ ಎನ್ನಲಿಲ್ಲ.”

ಅಜ್ಜನವರು ಅವನನ್ನೇ ನೋಡುತ್ತಾ ಹೇಳಿದರು:

“ಹೆಂಡತಿಗೆ ಇಲ್ಲ ಅಂದ.”