ಆರುನೂರ ನಲವತ್ತು ಕಾಳು ನೀರು

ಕಡಲ ತಡಿಯಲ್ಲಿ ಸವುಳೂರು ಅಂತ ಒಂದು ರಾಜ್ಯ ಇತ್ತು. ಆ ರಾಜ್ಯಕ್ಕೆ ಒಬ್ಬ ರಾಜ ಇದ್ದ. ರಾಜನಿಗೆ ಒಂದು ಅರಮನೆ ಇತ್ತು. ಅರಮನೆಯ ಬೆನ್ನಿಗೆ ಒಂದು ಇಂಜಿನಿಯರಿಂಗ್ ಕಾಲೇಜು ಇತ್ತು. ರಾಜರ ಕಾಲದಲ್ಲಿ ಇಂಜಿನಿಯರಿಂಗ್ ಕಾಲೇಜು ಎಲ್ಲಿಂದ ಬಂತು ಅಂತ ಕೇಳಬೇಡಿ. ಕಾಲೇಜಷ್ಟೇ ಅಲ್ಲ, ಕಂಪ್ಯೂಟರೂ ಇತ್ತು, ಮಾತಾಡುವ ಹಲ್ಲಿಯೂ ಇತ್ತು. ಮಧ್ಯೆ ಬಾಯಿ ಹಾಕಿದರೆ ಎದ್ದು ಹೋಗ್ತೀನಿ, ನನಗೂ ಇವತ್ತು ಸಾಕಾಗಿದೆ.

ಸವುಳೂರಿನ ಕಷ್ಟ ಏನಪ್ಪಾ ಅಂದರೆ, ಯಾವ ಬಾವಿ ತೋಡಿದರೂ ಉಪ್ಪುನೀರು. ಬೇಳೆ ಬೇಯೋದಿಲ್ಲ, ಸೋಪು ನೊರೆ ಬರೋದಿಲ್ಲ, ಬಾಯಿಗಿಟ್ಟರೆ ಮುಖ ಕಿವುಚಬೇಕು. ಅದಕ್ಕೇ ರಾಜ ಕಾಲೇಜು ಕಟ್ಟಿಸಿದ್ದ. ಯಾರಾದರೂ ಓದಿದವರು ದಾರಿ ತೋರಿಸಿಯಾರು ಅಂತ ಅವನಿಗೆ ಆಸೆ.

ಆ ಕಾಲೇಜಿಗೆ ಪದುಮಿ ಅಂತ ಒಬ್ಬಳು ಹೊಸ ಮೇಡಂ ಬಂದಳು. ಓದಿ ಓದಿ ಕನ್ನಡಕ ದಪ್ಪ ಆಗಿತ್ತು, ಆದರೆ ವಯಸ್ಸು ಇನ್ನೂ ಮೂವತ್ತು ತುಂಬಿರಲಿಲ್ಲ. ರಾಜನ ಕಟ್ಟಳೆ ಹೀಗಿತ್ತು: ಹೊಸದಾಗಿ ಬಂದವರಿಗೆ ಮೂರು ವರ್ಷ ಅವಕಾಶ. ಅಷ್ಟರೊಳಗೆ ತಮ್ಮದೇ ಹೆಸರಿನಲ್ಲಿ ಒಂದು ಒಳ್ಳೆ ಕೆಲಸವನ್ನು ಆಸ್ಥಾನದಲ್ಲಿ ತೋರಿಸಬೇಕು. ತೋರಿಸಿದರೆ ರಾಜ ಮುದ್ರೆ ಒತ್ತುತ್ತಾನೆ, ಕೆಲಸ ಕಾಯಂ. ಇಲ್ಲದಿದ್ದರೆ ಪುಸ್ತಕ ಕಟ್ಟಿಕೊಂಡು ಊರು ಬಿಡಬೇಕು.

ಪದುಮಿಯ ಕೆಲಸ ನೀರಿನದು. ನದಿ, ಕಾಲುವೆ ಅಲ್ಲ, ತೀರಾ ಸಣ್ಣ ನೀರು. ನಿಮ್ಮ ತಲೆಯದೊಂದು ಕೂದಲು ಕಿತ್ತು ಉದ್ದಕ್ಕೆ ಐವತ್ತು ಸಾವಿರ ಸೀಳು ಮಾಡಿ. ಒಂದೊಂದು ಸೀಳು ಎಷ್ಟು ತೆಳ್ಳಗೆ ಇರುತ್ತೋ ಅಷ್ಟೇ ಸಣ್ಣ ತೂತಿನಲ್ಲಿ ನೀರು ಹೇಗೆ ನುಗ್ಗುತ್ತೆ ಅಂತ ಅವಳು ನೋಡುತ್ತಿದ್ದಳು. ತೂತಿನ ಬಾಯಿ ಅದಕ್ಕಿಂತ ಇನ್ನೊಂದಿಷ್ಟು ಬಿಗಿ ಮಾಡಿದರೆ ಉಪ್ಪು ಒಳಗೆ ಹೋಗೋದಿಲ್ಲ, ನೀರು ಮಾತ್ರ ಹೋಗುತ್ತೆ. ದೊಡ್ಡ ಕಾಲುವೆಯ ನೀರು ಗೋಡೆಗೆ ಅಂಟಿಕೊಂಡು ನಿಲ್ಲುತ್ತೆ ಅಂತ ಹಳೇ ಪುಸ್ತಕಗಳೆಲ್ಲ ಬರೆದಿದ್ದವು. ಈ ಸಣ್ಣ ತೂತಿನಲ್ಲಿ ಗೋಡೆ ನುಣ್ಣಗಿದ್ದರೆ ನೀರು ಅಂಟೋದಿಲ್ಲ, ಜಾರುತ್ತೆ. ಎಷ್ಟು ಜಾರುತ್ತೆ? ಅದೇ ಪದುಮಿಗೆ ಬೇಕಾಗಿದ್ದದ್ದು.

ಅಷ್ಟು ಸಣ್ಣದನ್ನು ಕಣ್ಣಲ್ಲಿ ನೋಡೋದು ಆಗದ ಮಾತು. ಅದಕ್ಕೆ ಅವಳು ಕಂಪ್ಯೂಟರಿನೊಳಗೆ ಒಂದು ಪೆಟ್ಟಿಗೆ ಮಾಡಿದಳು. ಪೆಟ್ಟಿಗೆಯಲ್ಲಿ ಆ ತೂತು, ತೂತಿನಲ್ಲಿ ಆರುನೂರ ನಲವತ್ತು ಕಾಳು ನೀರು. ಕಾಳು ಅಂದರೆ ಇನ್ನೂ ಒಡೆದರೆ ನೀರಾಗಿ ಉಳಿಯದಷ್ಟು ಸಣ್ಣ ಚೂರು. ಒಂದು ಹನಿಯಲ್ಲಿ ಎಷ್ಟು ಕಾಳು ಇರುತ್ತೆ ಅಂತೀರಿ, ಸವುಳೂರಿನ ಜನವೆಲ್ಲ ಕೂತು ಸಾಯೋವರೆಗೆ ಎಣಿಸಿದರೂ ಮುಗಿಯೋದಿಲ್ಲ. ಅಷ್ಟನ್ನು ಹೊರೋ ಕಂಪ್ಯೂಟರ್ ಎಲ್ಲಿದೆ? ಅದಕ್ಕೆ ಈ ಕೆಲಸದವರು ಒಂದು ಉಪಾಯ ಮಾಡುತ್ತಾರೆ. ಪೆಟ್ಟಿಗೆಯ ಬಲಗಡೆಯಿಂದ ಹೊರಗೆ ಹೋದ ಕಾಳನ್ನು ಅದೇ ಗಳಿಗೆಯಲ್ಲಿ ಎಡಗಡೆಯಿಂದ ಒಳಗೆ ಬಿಡುತ್ತಾರೆ. ಇದ್ದ ಆರುನೂರ ನಲವತ್ತೇ ಸುತ್ತಿ ಸುತ್ತಿ ಬಂದು ಮುಗಿಯದ ಹೊಳೆಯ ಹಾಗೆ ಕಾಣುತ್ತವೆ. ಸಾರಿಗೆ ಒಗ್ಗರಣೆ ಹಾಕಿದೆ ಅಂತ ಯಾರಾದರೂ ಡಂಗುರ ಹೊಡೀತಾರಾ? ಹಾಗೇ ಇದನ್ನೂ ಯಾರೂ ಬಿಡಿಸಿ ಬರೆಯೋದಿಲ್ಲ. ಮಾಡುವವರಿಗೆ ಗೊತ್ತೇ ಇರುತ್ತೆ.

ಒಂದು ಸಲ ಪೆಟ್ಟಿಗೆ ಓಡಿಸಿದರೆ ಉತ್ತರ ಬರಲು ಇಪ್ಪತ್ತೊಂದು ದಿನ. ಹತ್ತೊಂಬತ್ತನೇ ದಿನ ಕರೆಂಟ್ ಹೋಗುತ್ತಿತ್ತು. ಪದುಮಿ ಹಣೆ ಒತ್ತಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು.

ಅದಾದರೂ ನೆಮ್ಮದಿಯಾಗಿ ಮಾಡೋಕೆ ಬಿಟ್ಟರಾ? ತಪಾಸಣೆ ತಂಡ ಬರುತ್ತೆ, ಫೈಲು ಜೋಡಿಸು. ಪರೀಕ್ಷೆ ಬಂತು, ಕೊಠಡಿ ಕಾಯಿ. ಅತಿಥಿಗಳು ಬಂದರು, ಹೂಗುಚ್ಛ ತಾ. ಹೊಸಬರು ತಾನೇ, ಮಾಡಲಿ ಅಂತ ಎಲ್ಲರೂ ಎಲ್ಲವನ್ನೂ ಅವಳ ತಲೆಗೇ ಕಟ್ಟುತ್ತಿದ್ದರು. ಸಂಜೆ ಆಗುವಷ್ಟರಲ್ಲಿ ಅವಳಿಗೆ ತನ್ನ ಹೆಸರು ಹೇಳಿಕೊಳ್ಳಲೂ ತ್ರಾಣ ಇರುತ್ತಿರಲಿಲ್ಲ.

ಅವಳ ಕೋಣೆಯ ಗೋಡೆಯ ಮೇಲೆ ಆ ಹಲ್ಲಿ ಇತ್ತು. ಅದು ಲೊಚಗುಟ್ಟಿದರೆ ಬೇರೆಯವರು ಮೇಜು ಕುಟ್ಟಿ ಕೃಷ್ಣ ಕೃಷ್ಣ ಅಂದು ಹೋಗಿಬಿಡುತ್ತಿದ್ದರು. ಪದುಮಿಗೆ ಮಾತ್ರ ಅದರ ಮಾತು ಅರ್ಥ ಆಗುತ್ತಿತ್ತು. ಪಾಪ, ಆ ಕೋಣೆಯಲ್ಲಿ ಅವಳ ಹತ್ತಿರ ಮಾತಾಡುವವರು ಇನ್ಯಾರಿದ್ದರು.

ಈಗ ಕಾಲೇಜಿನ ದೊಡ್ಡ ಗುರುಗಳ ವಿಚಾರ. ಹೆಸರು ಮಾರ್ತಾಂಡಯ್ಯ. ಒಳ್ಳೆ ಜರಿ ಶಲ್ಯ, ಒಳ್ಳೆ ಗಂಟಲು. ಲೆಕ್ಕ ಮಾಡೋದು ಬಿಟ್ಟು ಇಪ್ಪತ್ತು ವರ್ಷ ಆಗಿತ್ತು, ಆದರೂ ವರ್ಷ ವರ್ಷ ಅವರ ಹೆಸರಿನಲ್ಲಿ ಪ್ರಬಂಧಗಳು ಬರುತ್ತಲೇ ಇದ್ದವು. ಹೇಗೆ ಅಂತ ನಿಮಗೇ ಈಗ ಗೊತ್ತಾಗುತ್ತೆ.

ಮೊದಲನೇ ವರ್ಷ ಪದುಮಿ ಒಂದು ಪ್ರಬಂಧ ಬರೆದಳು. ಮಾರ್ತಾಂಡಯ್ಯ ಕರೆದು, ನನ್ನ ಹೆಸರೂ ಜೊತೆಗಿರಲಮ್ಮಾ, ತೂಕ ಬರುತ್ತೆ ಅಂದರು. ಸರಿ ಸರ್ ಅಂದಳು. ಕೋಣೆಗೆ ಬಂದರೆ ಗೋಡೆಯ ಮೇಲಿಂದ ಹಲ್ಲಿ, ಇದು ನನ್ನದು ಅಂತ ಹೇಳಿದೆಯಾ ಅಂತ ಕೇಳಿತು. ಇಲ್ಲ ಕಣೇ, ಸುಸ್ತು, ಈಗಷ್ಟೇ ಮೂವತ್ತೆರಡು ಫೈಲು ಜೋಡಿಸಿ ಬಂದೆ ಅಂದಳು ಪದುಮಿ.

ಎರಡನೇ ವರ್ಷ ಇನ್ನೊಂದು ಪ್ರಬಂಧ ಬರೆದಳು. ಮಾರ್ತಾಂಡಯ್ಯ ಮತ್ತೆ ಕರೆದರು. ದೊಡ್ಡವರ ಹೆಸರು ಮೊದಲು ಬರೋದು ಇಲ್ಲಿಯ ಪದ್ಧತಿ ಅಂತ ಬೆಣ್ಣೆಯಂತೆ ಮಾತಾಡಿ ತಮ್ಮ ಹೆಸರನ್ನು ಮೇಲೆ ಬರೆದು ಅವಳದನ್ನು ಕೆಳಗೆ ತಳ್ಳಿದರು. ಸರಿ ಸರ್ ಅಂದಳು. ಹಲ್ಲಿ ಮತ್ತೆ ಕೇಳಿತು, ಹೇಳಿದೆಯಾ? ಇಲ್ಲ ಕಣೇ, ಸುಸ್ತು, ಬೆಳಗ್ಗೆಯಿಂದ ಪರೀಕ್ಷೆ ಕೊಠಡಿಯಲ್ಲಿ ನಿಂತಿದ್ದೆ, ಕಾಲು ನನ್ನದೋ ಮೇಜಿನದೋ ಗೊತ್ತಾಗ್ತಿಲ್ಲ ಅಂದಳು.

ಮೂರನೇ ವರ್ಷ ಅಸಲಿ ಕೆಲಸ ಮುಗಿಯಿತು. ನೀರು ಎಷ್ಟು ಜಾರುತ್ತೆ ಅಂತ ಪಕ್ಕಾ ಉತ್ತರ ಬಂತು. ಬರುವ ಸೋಮವಾರ ಆಸ್ಥಾನ, ಅದೇ ದಿನ ಅವಳ ಮೂರು ವರ್ಷವೂ ಮುಗಿಯುತ್ತಿತ್ತು. ಮಾರ್ತಾಂಡಯ್ಯ ಫೈಲು, ಚಿತ್ರ ಎಲ್ಲವನ್ನೂ ತರಿಸಿಕೊಂಡರು. ರಾಜರ ಮುಂದೆ ನೀನು ತೊದಲ್ತೀಯಮ್ಮಾ, ನಾನೇ ಹೇಳ್ತೀನಿ, ನೀನು ಹೂಗುಚ್ಛದ ಕಡೆ ನೋಡಿಕೋ ಅಂದರು. ಪದುಮಿ ಆಸ್ಥಾನದ ಪಟ್ಟಿ ನೋಡಿದಳು. ಅದರಲ್ಲಿ ಒಂದೇ ಹೆಸರಿತ್ತು, ಅದು ಅವಳದಲ್ಲ.

ಕೋಣೆಗೆ ಬಂದು ಕುರ್ಚಿಯಲ್ಲಿ ಕುಸಿದಳು. ಅವಳಿಗೆ ಸಿಟ್ಟು ಕೂಡ ಬರಲಿಲ್ಲ, ಸಿಟ್ಟಿಗೂ ಶಕ್ತಿ ಬೇಕಲ್ಲ. ಹೋಗಲಿ ಬಿಡು, ಪುಸ್ತಕ ಕಟ್ಟಿಕೊಂಡು ಹೋಗ್ತೀನಿ ಅಂದಳು.

ಹಲ್ಲಿ ಮೇಜಿನವರೆಗೆ ಇಳಿದು ಬಂತು.

"ನೋಡು ಪದುಮಿ, ನಾನೂ ಪ್ರಾಣ ಉಳಿಸಿಕೊಳ್ಳೋಕೆ ಬಾಲ ಬಿಟ್ಟು ಓಡ್ತೀನಿ. ನೀನು ಎರಡು ಸಲ ಬಾಲ ಬಿಟ್ಟುಕೊಟ್ಟೆ, ನಾನೇನೂ ಅನ್ನಲಿಲ್ಲ. ಈ ಸಲ ಅವನು ಕೇಳ್ತಿರೋದು ತಲೆ."

ಪದುಮಿ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಆಮೇಲೆ ಮೆಲ್ಲಗೆ ಕೇಳಿದಳು, ಆ ಪೆಟ್ಟಿಗೆಯ ಬಲಗಡೆ ಎಡಗಡೆ ವಿಚಾರ ದೊಡ್ಡ ಗುರುಗಳಿಗೆ ಗೊತ್ತಿರಬಹುದಾ? ಹಲ್ಲಿ ಲೊಚಗುಟ್ಟಿತು, ಅಷ್ಟೇ.

ಸೋಮವಾರ ಬಂತು. ಆಸ್ಥಾನ ತುಂಬಿತ್ತು. ಮಾರ್ತಾಂಡಯ್ಯ ಶಲ್ಯ ಸರಿಮಾಡಿಕೊಂಡು ದೊಡ್ಡ ಪರದೆಯ ಮೇಲೆ ಪದುಮಿಯ ಪೆಟ್ಟಿಗೆ ತೋರಿಸಿದರು. ನೀಲಿ ನೀಲಿ ಕಾಳುಗಳು ಎಡಗಡೆಯಿಂದ ಬರುತ್ತಿವೆ, ತೂತಿನೊಳಗೆ ಜಾರುತ್ತಿವೆ, ಬಲಗಡೆಯಿಂದ ಹೋಗುತ್ತಿವೆ. ಎಷ್ಟು ಹೊತ್ತು ನೋಡಿದರೂ ಮುಗಿಯೋದಿಲ್ಲ. ನಿಜ ಹೇಳಬೇಕೆಂದರೆ ಅವರು ಸುಳ್ಳು ಹೇಳಬೇಕು ಅಂತ ಹೊರಟಿರಲಿಲ್ಲ. ಮನೆಯಲ್ಲಿ ಅರ್ಧ ಗಂಟೆ ಆ ಚಿತ್ರ ನೋಡಿದ್ದರು, ನೀರು ಮುಗಿದಿರಲಿಲ್ಲ. ನಂಬಿಬಿಟ್ಟಿದ್ದರು. ಮಹಾಸ್ವಾಮಿ, ಈ ಯಂತ್ರಕ್ಕೆ ಒಂದು ತಂಬಿಗೆ ಉಪ್ಪುನೀರು ಹಾಕಿದರೆ ಸಾಕು, ಊರಿಗೆಲ್ಲ ಜನ್ಮಪೂರ್ತಿ ಸಿಹಿನೀರು, ಇದು ನನ್ನ ಸಂಶೋಧನೆ ಅಂದರು.

ಜನ ಮೂಗಿನ ಮೇಲೆ ಬೆರಳಿಟ್ಟರು. ರಾಜನಿಗೆ ಕಣ್ಣಲ್ಲಿ ನೀರು ಬಂತು. ಮುದ್ರೆ ತನ್ನಿ ಅಂದ.

ಪದುಮಿ ಹಿಂದೆ ಬಾಗಿಲ ಹತ್ತಿರ ಹೂಗುಚ್ಛ ಹಿಡಿದು ನಿಂತಿದ್ದಳು. ಹೂಗುಚ್ಛವನ್ನು ಬಾಗಿಲು ಕಾಯುವವನ ಕೈಗೆ ಕೊಟ್ಟು ಮುಂದೆ ಬಂದಳು. ಮಹಾಸ್ವಾಮಿ, ಗುರುಗಳಿಂದ ಮೂರು ಸಂಗತಿ ತಿಳಿದುಕೊಳ್ಳಬೇಕು, ಅಪ್ಪಣೆ ಆಗಬೇಕು ಅಂದಳು. ರಾಜ ಆಗಲಿ ಅಂದ.

"ಸರ್, ಈ ಪೆಟ್ಟಿಗೆಯಲ್ಲಿ ನೀರಿನ ಕಾಳು ಎಷ್ಟಿವೆ?"

"ಲೆಕ್ಕವೇ ಇಲ್ಲದಷ್ಟು" ಅಂದರು ಮಾರ್ತಾಂಡಯ್ಯ.

"ಬಲಗಡೆ ಹೊರಗೆ ಹೋದ ಕಾಳು ಎಲ್ಲಿಗೆ ಹೋಗುತ್ತೆ ಸರ್?"

"ಇನ್ನೆಲ್ಲಿಗೆ, ಮಹಾಸ್ವಾಮಿಗಳ ಕೊಳಕ್ಕೆ."

"ಎಡಗಡೆ ಒಳಗೆ ಬರೋದು ಎಲ್ಲಿಂದ?"

"ನಾವು ಹಾಕಿದ ತಂಬಿಗೆಯಿಂದ. ಇಷ್ಟೂ ಗೊತ್ತಿಲ್ಲದೆ ಮೂರು ವರ್ಷ ಏನು ಮಾಡ್ತಿದ್ದೆಯಮ್ಮಾ?"

ಸಭೆ ಗೊಳ್ಳೆಂದು ನಕ್ಕಿತು. ಪದುಮಿ ನಗಲೂ ಇಲ್ಲ, ಅಳಲೂ ಇಲ್ಲ. ಹಾಗಾದರೆ ಒಂದೇ ಒಂದು ಕಾಳಿಗೆ ಕೆಂಪು ಬಣ್ಣ ಹಚ್ಚಿ ಬಿಡಿ ಸರ್, ಅದು ಕೊಳಕ್ಕೆ ಹೋಗಿ ಬೀಳೋದನ್ನು ಎಲ್ಲರೂ ನೋಡೋಣ ಅಂದಳು.

ಬಣ್ಣ ಹಚ್ಚೋದು ಹೇಗೆ? ಮಾರ್ತಾಂಡಯ್ಯ ಒಂದು ಗುಂಡಿ ಒತ್ತಿದರು, ಚಿತ್ರ ತಲೆಕೆಳಗಾಯಿತು. ಇನ್ನೊಂದು ಒತ್ತಿದರು, ಚಿತ್ರವೇ ಹೋಯಿತು. ಮೂರನೆಯದು ಒತ್ತಲು ಧೈರ್ಯ ಬರಲಿಲ್ಲ. ಇವತ್ತು ಯಂತ್ರಕ್ಕೆ ಏನೋ ಆಗಿದೆ ಅಂದರು. ರಾಜ ಪದುಮಿಯ ಕಡೆ ನೋಡಿದ. ಅವಳು ಬಂದು ಕೂತು ನಾಲ್ಕು ಸಲ ಬೆರಳಾಡಿಸಿದಳು, ಚಿತ್ರ ಸರಿಹೋಯಿತು, ನೀಲಿ ಕಾಳುಗಳ ನಡುವೆ ಒಂದು ಕಾಳು ಕೆಂಪಗಾಯಿತು.

ಕೆಂಪು ಕಾಳು ನೂಕುನುಗ್ಗಲಲ್ಲಿ ಜಾರಿಕೊಂಡು ಹೋಯಿತು. ಬಲಗಡೆಯಿಂದ ಹೊರಬಿತ್ತು. ನೋಡಿ, ಕೊಳಕ್ಕೆ ಬಿತ್ತು ಅಂದರು ಮಾರ್ತಾಂಡಯ್ಯ. ಅಷ್ಟರಲ್ಲಿ ಎಡಗಡೆಯಿಂದ ಒಂದು ಕೆಂಪು ಕಾಳು ಒಳಗೆ ಬಂತು. ಇದು ಇನ್ನೊಂದು ಅಂದರು. ಅದೂ ಹೋಯಿತು, ಮತ್ತೆ ಬಂತು. ಇದು ಮತ್ತೊಂದು ಅಂದರು, ದನಿ ಸಣ್ಣಗಾಗಿತ್ತು. ಮೂರನೇ ಸಲವೂ ಹೋಯಿತು, ಮೂರನೇ ಸಲವೂ ಬಂತು. ಅವರ ಹಣೆಯಿಂದ ಬೆವರಿಳಿಯಿತು.

ರಾಜ ಅಂಥಾ ಜಾಣನೇನಲ್ಲ, ಆದರೆ ಒಂದರವರೆಗೆ ಎಣಿಸೋಕೆ ಅವನಿಗೆ ಬರುತ್ತಿತ್ತು. ಬಣ್ಣ ಹಚ್ಚಿದ್ದು ಒಂದಕ್ಕೇ ಅಲ್ಲವೇನಯ್ಯಾ ಅಂದ. ಮಾರ್ತಾಂಡಯ್ಯ ಶಲ್ಯದಿಂದ ಹಣೆ ಒರೆಸಿಕೊಂಡರು.

ಆಗ ಪದುಮಿ ಬಿಡಿಸಿ ಹೇಳಿದಳು. ಇದು ನೀರು ಕೊಡುವ ಪೆಟ್ಟಿಗೆಯಲ್ಲ ಮಹಾಸ್ವಾಮಿ, ನೀರಿನ ಓಟ ಅಳೆಯುವ ಪೆಟ್ಟಿಗೆ. ಇದರಲ್ಲಿರೋದು ಆರುನೂರ ನಲವತ್ತೇ ಕಾಳು, ಹೋದದ್ದೇ ತಿರುಗಿ ಬರುತ್ತೆ. ಇದರಿಂದ ಕೊಳಕ್ಕೆ ಒಂದು ಹನಿಯೂ ಬೀಳೋದಿಲ್ಲ. ಗೋಡೆ ನುಣ್ಣಗಿದ್ದರೆ ನೀರು ಬೇಗ ಜಾರುತ್ತೆ ಅನ್ನೋದು ಮಾತ್ರ ನಿಜ. ಅಂಥ ತೂತಿನ ಜರಡಿ ಮಾಡಬಹುದು, ಅದಕ್ಕೆ ಹತ್ತು ವರ್ಷ ಬೇಕು, ನೀರು ತಳ್ಳೋಕೆ ಬಲ ಬೇಕು, ತಂಬಿಗೆ ಹಾಕಿದರೆ ತಂಬಿಗೆಗಿಂತ ಹೆಚ್ಚು ಬರೋದಿಲ್ಲ.

ರಾಜನ ಮುಖ ಬಾಡಿತು. ಜನ್ಮಪೂರ್ತಿ ನೀರು ಅಂದದ್ದು ಎಲ್ಲಿ, ಹತ್ತು ವರ್ಷ ಅಂದದ್ದು ಎಲ್ಲಿ. ಆದರೂ ಕೇಳಿದ, ಈ ಕೆಲಸ ಯಾರದು?

"ನನ್ನದು" ಅಂದಳು ಪದುಮಿ. ಮೂರು ವರ್ಷದಲ್ಲಿ ಆ ಮಾತು ಬಾಯಿಂದ ಬಂದದ್ದು ಅದೇ ಮೊದಲು. ಹಿಂದೆ ಕೂತವರಿಗೆ ಕೇಳಿಸಲಿಲ್ಲ, ಇನ್ನೊಂದು ಸಲ ಹೇಳಬೇಕಾಯಿತು.

"ಮತ್ತೆ ಹಿಂದಿನ ಎರಡು?"

"ಅವೂ ನನ್ನವೇ."

"ಆಗಲೇ ಯಾಕೆ ಹೇಳಲಿಲ್ಲ ತಾಯಿ?"

"ಸುಸ್ತಾಗಿತ್ತು, ಮಹಾಸ್ವಾಮಿ."

ಸಭೆಯಲ್ಲಿ ಯಾರೂ ನಗಲಿಲ್ಲ.

ರಾಜ ಅಲ್ಲೇ ಅವಳ ಹೆಸರಿಗೆ ಮುದ್ರೆ ಒತ್ತಿದ, ಕೆಲಸ ಕಾಯಂ ಆಯಿತು. ಮಾರ್ತಾಂಡಯ್ಯನವರಿಗೆ ತಲೆ ತೆಗೆಸಲಿಲ್ಲ, ಗಡಿಪಾರೂ ಮಾಡಲಿಲ್ಲ. ಮೂರು ವರ್ಷ ಫೈಲು ಜೋಡಿಸಿ, ಪರೀಕ್ಷೆ ಕೊಠಡಿ ಕಾಯಿರಿ, ಹೂಗುಚ್ಛ ತನ್ನಿ ಅಂದ. ಜೊತೆಗೆ ಹೊಸ ಕಟ್ಟಳೆ ಮಾಡಿದ: ಪ್ರಬಂಧಕ್ಕೆ ಹೆಸರು ಹಾಕುವವರು ಅದರ ಬಗ್ಗೆ ಮೂರು ಪ್ರಶ್ನೆಗೆ ನಿಂತಲ್ಲೇ ಉತ್ತರ ಹೇಳಬೇಕು. ಅಂದಿನಿಂದ ಮಾರ್ತಾಂಡಯ್ಯನವರ ಹೆಸರಿನಲ್ಲಿ ಒಂದು ಚೀಟಿಯೂ ಬರಲಿಲ್ಲ.

ಪದುಮಿ ಕುಣಿದು ಕುಪ್ಪಳಿಸಿದಳು ಅಂತ ಹೇಳಿದರೆ ನಿಮಗೆ ಖುಷಿ ಆಗುತ್ತೆ, ಆದರೆ ಹಾಗಾಗಲಿಲ್ಲ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಯಾಕೆಂದರೆ ಆ ಮೊದಲ ಎರಡು ಪ್ರಬಂಧಗಳು ಆಗಲೇ ದೇಶ ದೇಶ ಸುತ್ತಿಬಿಟ್ಟಿದ್ದವು. ರಾಜನ ಮುದ್ರೆಗೂ ಅವನ್ನು ವಾಪಸು ಕರೆಸಲು ಆಗಲಿಲ್ಲ. ಇವತ್ತಿಗೂ ಹುಡುಕಿ ನೋಡಿ, ಒಂದರಲ್ಲಿ ಮಾರ್ತಾಂಡಯ್ಯನವರ ಹೆಸರು ಪಕ್ಕದಲ್ಲಿದೆ, ಇನ್ನೊಂದರಲ್ಲಿ ಮೇಲಿದೆ.

ಇದರ ನೀತಿ ಕೇಳಿ. ಇನ್ನೊಬ್ಬರು ದುಡಿದದ್ದಕ್ಕೆ ತನ್ನ ಹೆಸರು ಅಂಟಿಸಿಕೊಂಡವನು ಒಂದು ಪ್ರಶ್ನೆ ಬಂದ ದಿನ ಸಿಕ್ಕಿಬೀಳುತ್ತಾನೆ. ಆದರೆ ಆ ದಿನ ಬರಲಿ ಅಂತ ಕಾದು ಕೂರಬೇಡಿ. ನಿಮ್ಮದನ್ನು ನಿಮ್ಮದು ಅಂತ ಮೊದಲನೇ ಸಲವೇ ಹೇಳಿ. ಸುಸ್ತಾಗಿದ್ದರೂ ಹೇಳಿ, ಅಂಥವರು ಕಾಯೋದು ನಿಮಗೆ ಸುಸ್ತಾಗೋದನ್ನೇ.