ಎಡಕ್ಕೆ ತೆರೆಯುವ ಬಾಗಿಲು

ಒಂದು ಬಾಗಿಲಿಗೆ ಎಂಬತ್ತು ರೂಪಾಯಿ. ನಲವತ್ತು ಮುಂಗಡ, ನಲವತ್ತು ಬಾಗಿಲು ಕೈಗೆ ಬಂದ ಮೇಲೆ. ಮಾತು ಇಷ್ಟೇ.

ತುಂಗಭದ್ರೆಯ ದಂಡೆಯ ಆ ಸಣ್ಣ ಮಠದಲ್ಲಿ ಉಳಿದಿದ್ದವರು ಇಬ್ಬರೇ: ಎಲ್ಲರೂ ‘ಅಜ್ಜಾರು’ ಎನ್ನುವ ಗುರು ಅಂದಾನಯ್ಯನವರು, ಶಿಷ್ಯ ಕೊಟ್ರೇಶ. ಬೇರೆ ಶಿಷ್ಯರೆಲ್ಲ ಒಬ್ಬೊಬ್ಬರಾಗಿ ತಮ್ಮ ತಮ್ಮ ದಾರಿ ಹಿಡಿದಿದ್ದರು.

ಗುರುಗಳಿಗೆ ಎದೆಯ ಕಾಯಿಲೆ. ಮಲಗುವ ಕೋಣೆಗೆ ಬಾಗಿಲಿಲ್ಲ, ಒಂದು ಚಾಪೆ ಇಳಿಬಿಟ್ಟಿದ್ದರು. ಆಷಾಢದ ಗಾಳಿ ಏಳುವುದರೊಳಗೆ ಬಾಗಿಲು ಕೂರದಿದ್ದರೆ ಮಠದಲ್ಲಿ ಉಳಿಯುವವನು ತಾನೊಬ್ಬನೇ ಎಂದು ಕೊಟ್ರೇಶನಿಗೆ ಗೊತ್ತಿತ್ತು.

ಬಡಿಗ ಮೌನಪ್ಪ ಇದ್ದದ್ದು ಮೂರು ದಿನದ ದಾರಿಯಾಚೆ. ಊರು ಬಿಟ್ಟು ಬರುವವನಲ್ಲ. ಕಾಗದ ಬರೆದರೆ ಕೆಲಸ ಮಾಡಿ ಗಾಡಿಗೆ ಹಾಕಿ ಕಳಿಸುತ್ತಿದ್ದ.

ಕೊಟ್ರೇಶ ಎರಡು ಪುಟ ಬರೆದ.

ಬಾಗಿಲು ಚೌಕಟ್ಟಿನ ಸಮೇತ ಬಂತು. ದಪ್ಪ ಹೊನ್ನೆಮರ, ಅಂಚಿಗೆಲ್ಲ ಹೂಬಳ್ಳಿ. ಕೂರಿಸಿ ತೆರೆದರೆ ಗುರುಗಳ ಮಂಚಕ್ಕೆ ಬಡಿದು ಅರ್ಧಕ್ಕೇ ನಿಂತಿತು. ಮಂಚ ಸರಿಸಲು ಆ ಕೋಣೆಯಲ್ಲಿ ಬೇರೆ ಜಾಗವಿಲ್ಲ. ಅಗುಳಿ ತಲೆಯ ಮಟ್ಟಕ್ಕಿತ್ತು. ತಳ್ಳಲು ಕೊಟ್ರೇಶನೇ ಭುಜ ಕೊಡಬೇಕಾಯಿತು.

“ಆ ಮನುಷ್ಯನಿಗೆ ಎಡ ಬಲ ಗೊತ್ತಿಲ್ಲ, ಅಜ್ಜಾರೇ! ಉಳಿದ ನಲವತ್ತು ಕೊಡೋದಿಲ್ಲ.”

“ಏನಂತ ಬರೆದಿದ್ದೆ?”

“ಬಾಗಿಲಿನ ಅಗಲ, ಎತ್ತರ ಬರೆದೆ. ಮಠದ ಹಿರಿಮೆ ಬರೆದೆ. ಅದಕ್ಕೆ ತಕ್ಕ ಹಾಗೆ ಅಂದವಾಗಿರಲಿ, ಭದ್ರವಾಗಿರಲಿ, ಎಡಕ್ಕೆ ತೆರೆಯಲಿ ಅಂದೆ. ಮಿಕ್ಕಿದ್ದು ತಮಗೇ ತಿಳಿದಿದೆ ಅಂತ ಮುಗಿಸಿದೆ.”

“ಬರೆಯುವಾಗ ಎಲ್ಲಿ ಕೂತಿದ್ದೆ?”

“ಇಲ್ಲೇ, ನಿಮ್ಮ ಕೋಣೆಯಲ್ಲಿ.”

“ನೀನು ಒಳಗೆ ಕೂತು ಎಡ ಅಂದೆ. ಅವನು ಹೊರಗೆ ನಿಂತು ಎಡ ಅಂತ ಓದಿದ. ನಲವತ್ತು ಇವತ್ತೇ ಕಳಿಸು.”

“ಸಂಶಯ ಬಂದರೆ ಕೇಳಬಹುದಿತ್ತಲ್ಲ?”

ಗುರುಗಳು ಒಂದು ಚೀಟಿ ಬರೆದು ಮಡಚಿ ಕೈಗಿಟ್ಟರು. “ಹೊಳೆಯಾಚೆ ಹಾಳು ಮಂಟಪಕ್ಕೆ ಹೋಗಿ ಇದನ್ನ ಓದು. ಸಂಜೆಗೆ ಬರುತ್ತೇನೆ.”

ಹರಿಗೋಲಿನವನು ಅವನನ್ನು ಆಚೆ ದಂಡೆಗೆ ಇಳಿಸಿ ತಿರುಗಿಹೋದ. ಚೀಟಿಯಲ್ಲಿ ಒಂದೇ ಸಾಲು: ‘ನನಗೆ ಕೂರಲು ಇಲ್ಲೊಂದು ಒಳ್ಳೆಯ ಕಟ್ಟೆ ಕಟ್ಟು.’

ಕೊಟ್ರೇಶ ಓದಿದ. ಮತ್ತೆ ಓದಿದ. ಹಿಂದೆ ಏನಾದರೂ ಬರೆದಿದೆಯೇ ಎಂದು ತಿರುಗಿಸಿ ನೋಡಿದ. ಎಷ್ಟು ಎತ್ತರ? ಯಾವ ಕಡೆಗೆ ಮುಖ?

ದಂಡೆಗೆ ಬಂದು ಬಾಯಿಗೆ ಕೈ ಒಡ್ಡಿ ಕೂಗಿದ. ಕೂಗು ನಡುಹೊಳೆಗೂ ಮುಟ್ಟಲಿಲ್ಲ. ಮಠದ ಹಂಚು ಕಾಣುತ್ತಿತ್ತು, ಮನುಷ್ಯರು ಕಾಣುತ್ತಿರಲಿಲ್ಲ.

ಗುರುಗಳು ಕೂರುವ ಜಾಗ, ಎತ್ತರವಿರಲಿ ಎಂದು ಕಲ್ಲಿನ ಮೇಲೆ ಕಲ್ಲು ಪೇರಿಸಿ ಎದೆಮಟ್ಟಕ್ಕೆ ಕಟ್ಟಿದ. ಇಡೀ ದಿನ ಒಂದು ಮಾತು ಆಡಲಿಲ್ಲ. ಆಡಲು ಯಾರೂ ಇರಲಿಲ್ಲ.

ಸಂಜೆ ಗುರುಗಳು ಬಂದರು. ಕಟ್ಟೆ ನೋಡಿ ನಕ್ಕರು, ನಕ್ಕದ್ದಕ್ಕೆ ಕೆಮ್ಮಿದರು.

“ಚೆನ್ನಾಗಿದೆ. ಏಣಿ ಎಲ್ಲಿಟ್ಟಿದ್ದೀ?”

“ಎತ್ತರ ಎಷ್ಟು ಅಂತ ನೀವು ಬರೆದಿರಲಿಲ್ಲ!”

“ಕೇಳಬಹುದಿತ್ತಲ್ಲ?”

“ಯಾರನ್ನ ಕೇಳಲಿ? ಬೆಳಗಿನಿಂದ ಈ ಚೀಟಿ ಬಿಟ್ಟರೆ ನನ್ನ ಹತ್ತಿರ ಯಾರಿದ್ದರು?”

“ಮೌನಪ್ಪನ ಹತ್ತಿರ ಯಾರಿದ್ದರು?”

ಹೊಳೆ ದಾಟಿದ ಕೂಡಲೇ ಕೊಟ್ರೇಶ ಮೌನಪ್ಪನಿಗೆ ಕೊಡಬೇಕಾದ ನಲವತ್ತು ಕಳಿಸಿದ.

ಹೂಬಳ್ಳಿಯ ಬಾಗಿಲು ಪಕ್ಕದೂರಿನ ಸಾಹುಕಾರರ ಕಣ್ಣಿಗೆ ಬಿತ್ತು. ಐವತ್ತಕ್ಕೆ ಒಯ್ದರು. ಹೊಸ ಬಾಗಿಲಿಗೆ ಕೊಟ್ರೇಶ ಎರಡನೆಯ ಕಾಗದ ಬರೆಯಲು ಕೂತ. ಮಠದ ಹಿರಿಮೆಯ ಮೇಲೆ ಗುರುಗಳು ಗೀಟು ಎಳೆದರು.

“ಇದನ್ನ ಓದಿ ಅವನು ಉಳಿ ಎಲ್ಲಿಡಬೇಕು?”

“ಸರಿ. ಅಗುಳಿ ನೆಲದಿಂದ ಎರಡು ಮೊಳ.”

“ಯಾರ ಮೊಳ?”

ಕೊಟ್ರೇಶ ತನ್ನ ಮೊಳಕೈಯನ್ನೇ ನೋಡಿಕೊಂಡ. ಆಮೇಲೆ ನೆಲದಿಂದ ಅಗುಳಿ ಬರುವ ಜಾಗಕ್ಕೆ ದಾರ ಹಿಡಿದು, ಅಲ್ಲಿಗೇ ಕತ್ತರಿಸಿ, ಕಾಗದದೊಳಗೆ ಇಟ್ಟ. ಬಾಗಿಲಿನ ಅಗಲಕ್ಕೊಂದು, ಎತ್ತರಕ್ಕೊಂದು ದಾರ ಇಟ್ಟ. ಎಡ ಎಂಬುದನ್ನು ಹೊಡೆದುಹಾಕಿ ‘ಹೊರಗೆ ನಿಂತು ನೋಡಿದರೆ ಕೀಲು ಬಲಗಡೆ’ ಎಂದು ಬರೆದ. ಮರ ಯಾವುದಾದರೂ ಆದೀತು, ಹಗುರವಾಗಿರಬೇಕು, ಕೆತ್ತನೆ ಬೇಡ, ಆಷಾಢಕ್ಕೆ ಮುಂಚೆ ಬೇಕು ಎಂದ. ಸಂಶಯವಿದ್ದರೆ ಬರೆದು ಕೇಳಿ, ಆಮೇಲೆ ಉಳಿ ಹಿಡಿಯಿರಿ ಎಂದ.

ಕೊನೆಗೆ ತಡೆದು ತಡೆದು ಒಂದು ಸಾಲು ಸೇರಿಸಿದ: ‘ಒಳಗೆ ಮಲಗುವವರಿಗೆ ವಯಸ್ಸಾಗಿದೆ, ಎದೆ ಕೆಟ್ಟಿದೆ. ಗಾಳಿ ತಾಗಬಾರದು. ಮಂಚದಿಂದಲೇ ಅಗುಳಿ ಕೈಗೆ ಸಿಗಬೇಕು.’

“ಇದನ್ನ ಮೊದಲ ಸಲ ಯಾಕೆ ಬಿಟ್ಟಿದ್ದೆ?” ಗುರುಗಳು ಕೇಳಿದರು.

“ನಾಚಿಕೆಯಾಯಿತು ಅಜ್ಜಾರೇ. ನಮ್ಮ ಕಷ್ಟ ಗುರುತಿಲ್ಲದವನಿಗೆ ಯಾಕೆ ಅಂತ.”

“ಗುರುತಿಲ್ಲದವನಿಗೇ ಹೇಳಬೇಕಾದದ್ದು, ತಮ್ಮಾ. ಗುರುತಿದ್ದವನು ತಾನೇ ನೋಡುತ್ತಿದ್ದ. ಅದನ್ನ ಮೇಲಕ್ಕೆ ಹಾಕು.”

ಏಳನೆಯ ದಿನ ಉತ್ತರ ಬಂತು. ಒಂದೇ ಪ್ರಶ್ನೆ: ‘ಅವರು ಯಾವ ಮಗ್ಗುಲಿಗೆ ಮಲಗುತ್ತಾರೆ?’

ಕೊಟ್ರೇಶ ಅದನ್ನು ಹಿಡಿದು ಬಹಳ ಹೊತ್ತು ಹೊಳೆಯ ಮುಂದೆ ನಿಂತ. ಗುರುಗಳ ಬಗ್ಗೆ ಅಷ್ಟು ಕೇಳಿದವರು ಆ ವರ್ಷದಲ್ಲಿ ಇನ್ನೊಬ್ಬರಿರಲಿಲ್ಲ.

‘ಬಲಮಗ್ಗುಲಿಗೆ’ ಎಂದು ಬರೆದು ಕಳಿಸಿದ.

ಗಾಳಿಗಿಂತ ಎರಡು ದಿನ ಮೊದಲು ಬಾಗಿಲು ಬಂತು. ಒಂದು ಬೆರಳು ತಾಗಿಸಿದರೆ ತೆರೆಯಿತು, ಮಂಚ ಮುಟ್ಟಲಿಲ್ಲ. ಜೊತೆಗೊಂದು ಕಾಗದ. ಕೊಟ್ರೇಶ ಓದಿ ಹೇಳಿದ:

‘ನನ್ನ ಹೆಂಡತಿ ಹೋಗುವ ಮೊದಲು ಎರಡು ವರ್ಷ ಮಂಚ ಹಿಡಿದಿದ್ದಳು. ಇಂಥವರಿಗೆ ಅಗುಳಿ ಹೇಗಿರಬೇಕೆಂದು ನನಗೆ ಗೊತ್ತಿತ್ತು. ಇಂಥವರಿಗೆಂದು ನೀವು ಮೊದಲು ಬರೆದಿರಲಿಲ್ಲ. ಅಜ್ಜಾರು ಹೇಗಿದ್ದಾರೆಂದು ತಿಳಿಸಿರಿ.’

ಗುರುಗಳು ಬಲಮಗ್ಗುಲಿಗೆ ಮಲಗಿ, ಕೈಚಾಚಿ ಅಗುಳಿ ಹಾಕಿ ನೋಡಿದರು.

“ಒಟ್ಟು ಎಷ್ಟಾಯಿತು?”

“ಎರಡು ಬಾಗಿಲಿಗೆ ನೂರಾ ಅರವತ್ತು. ಸಾಹುಕಾರರಿಂದ ಬಂದದ್ದು ಐವತ್ತು. ಕೈಯಿಂದ ಹೋದದ್ದು ನೂರಾ ಹತ್ತು. ಒಂದು ಬಾಗಿಲಿಗೆ ಜಾಸ್ತಿಯೇ ಆಯಿತು, ಅಜ್ಜಾರೇ.”

“ಬಾಗಿಲಿಗೆ ಎಂಬತ್ತು. ಉಳಿದ ಮೂವತ್ತಕ್ಕೆ, ನಾನು ಹೋದ ಮೇಲೆ ನೀನು ಕಾಗದ ಬರೆಯೋದಕ್ಕೆ ಒಬ್ಬ ಮನುಷ್ಯ ಸಿಕ್ಕಿದ.”