ರಾಗಿಮೂಟೆಯ ತೂಕದ ರೆಕ್ಕೆ

“ಬುದ್ಧಿ, ನಾನು ಕಲಿಸಿದವನೇ ನನ್ನನ್ನು ಮೀರಿ ಹೋದರೆ ನಾನೇನು ಮಾಡಬೇಕು?” ಎಂದು ಗುರುಸಿದ್ಧ ತನ್ನ ಗುರುಗಳನ್ನು ಕೇಳಿದ.

ಅವನೇ ಕೈಹಿಡಿದು ಓದು ಕಲಿಸಿದ ಕಿರಿಯ ಶಿಷ್ಯನೊಬ್ಬ ಅಂದು ಬೆಳಿಗ್ಗೆ ಮಠದ ಸಭೆಯಲ್ಲಿ ಪ್ರವಚನ ಮಾಡಿದ್ದ. ಜನ ತಲೆದೂಗಿದ್ದರು. ಗುರುಗಳೂ ಅದನ್ನು ಕೇಳಿದ್ದರು. “ಕೂತ್ಕೊಳ್ಳಯ್ಯ. ಹಾರಲು ಹೊರಟವನೊಬ್ಬನ ಕತೆ ಹೇಳುತ್ತೇನೆ” ಎಂದು ಅವರು ಶುರುಮಾಡಿದರು.

ಒಬ್ಬ ಮೇದಾರನಿದ್ದ. ಬಿದಿರು ಸೀಳಿ ಬುಟ್ಟಿ, ಮೊರ ಹೆಣೆಯುವುದು ಅವನ ಕಸುಬು. ಆಗಿನ್ನೂ ವಿಮಾನವೆಂದರೆ ಪುರಾಣದಲ್ಲಿ ಕೇಳುವ ಮಾತು, ಕಣ್ಣಾರೆ ಕಂಡವರಿಲ್ಲ. ಆಷಾಢದ ಗಾಳಿಗೆ ಊರಿನವರು ಪಟ ಹಾರಿಸುವುದನ್ನು ನೋಡಿ ನೋಡಿ ಇವನಿಗೆ ಹುಚ್ಚು ಹತ್ತಿತು. ಕಾಗದವನ್ನು ಹೊರುವ ಗಾಳಿ ನನ್ನನ್ನೇಕೆ ಹೊರಬಾರದು?

ಹಾಗೆಂದುಕೊಂಡು ಸುಮ್ಮನೆ ಕೂರುವ ಪೈಕಿಯಲ್ಲ ಅವನು. ಬಿದಿರಿನ ಸೀಳುಗಳನ್ನು ಬೆಂಕಿಗೆ ಹಿಡಿದು ಬಾಗಿಸಿ, ಮೇಲೆ ತೆಳುಬಟ್ಟೆ ಬಿಗಿದು, ನಾಲ್ಕಾಳುದ್ದದ ರೆಕ್ಕೆ ಕಟ್ಟಿದ. ಹೊಸ ರೆಕ್ಕೆಗೆ ಜೀವ ಒಪ್ಪಿಸುವಷ್ಟು ದಡ್ಡನೇನಲ್ಲ. ತನ್ನಷ್ಟೇ ತೂಕದ ಒಂದು ರಾಗಿಮೂಟೆ ಮಾಡಿ, ಬಾಯಿ ಹೊಲಿದು, ಅದನ್ನು ರೆಕ್ಕೆಗೆ ಕಟ್ಟಿದ. ಉದ್ದನೆಯ ಹಗ್ಗ ಹಿಡಿದು ಗಾಳಿಗೆ ಎದುರಾಗಿ ಓಡಿದ. ಮೂಟೆ ಮೇಲೇಳಲಿಲ್ಲ, ರೆಕ್ಕೆ ಮುರಿಯಿತು.

ಹನ್ನೊಂದು ಆಷಾಢ ಹೀಗೇ ಕಳೆದವು. ಒಂದು ವರ್ಷ ಮೂಟೆ ಮುಗ್ಗರಿಸಿತು, ಒಂದು ವರ್ಷ ಮರಕ್ಕೆ ಸಿಕ್ಕಿಕೊಂಡಿತು. ಊರವರು ಆಡಿಕೊಂಡು ನಕ್ಕರು. ಅವನ ಜೊತೆ ನಿಂತವಳು ತಂಗಿ ಒಬ್ಬಳೇ. ಮೊದಲ ರೆಕ್ಕೆ ಕಟ್ಟಿದಾಗ ಅವಳು ಆರು ವರ್ಷದ ಕೂಸು. ಬಿದಿರು ಸೀಳುವುದರಿಂದ ಹಿಡಿದು ಗಾಳಿಯ ಸುಳಿ ಗುರುತಿಸುವವರೆಗೆ ಎಲ್ಲವನ್ನೂ ಅವಳಿಗೆ ಅಣ್ಣನೇ ಕಲಿಸಿದ.

ಹನ್ನೆರಡನೆಯ ಆಷಾಢದಲ್ಲಿ ಮೂಟೆ ಎದ್ದಿತು! ಮೂರು ದಿನ ಮೂರು ಸಲ ಹಾರಿ ಮೆತ್ತಗೆ ನೆಲಕ್ಕಿಳಿಯಿತು. ಮೇದಾರನ ಖುಷಿ ಹೇಳತೀರದು. ನಾಲ್ಕನೆಯ ದಿನ ಮೂಟೆ ಬಿಚ್ಚಿಟ್ಟು, ದೇವರಿಗೆ ಕೈಮುಗಿದು, ತಾನೇ ರೆಕ್ಕೆಯ ಕೆಳಗೆ ನಿಂತ. ತಂಗಿಯೂ ಕೂಲಿಗೆ ಕರೆದ ಇಬ್ಬರು ಗಟ್ಟಿಗರೂ ಹಗ್ಗ ಹಿಡಿದು ಓಡಿದರು. ರೆಕ್ಕೆ ಅವನನ್ನು ನೆಲದ ಮೇಲೆ ದರದರ ಎಳೆದುಕೊಂಡು ಹೋಯಿತೇ ಹೊರತು ಒಂದು ಗೇಣೂ ಮೇಲೇಳಲಿಲ್ಲ. ಮತ್ತೆ ಓಡಿದರು. ಮತ್ತೆ ಅದೇ ಗತಿ.

“ರೆಕ್ಕೇಲಿ ಏನೋ ಐಬಿದೆ” ಎಂದ ಅವನು, ಮೊಣಕಾಲಿನ ಮಣ್ಣು ಒರೆಸಿಕೊಳ್ಳುತ್ತಾ.

ತಂಗಿ ನಗು ತಡೆದುಕೊಂಡಳು. “ರೆಕ್ಕೆ ಸರಿಯಾಗೇ ಇದೆ ಕಣಣ್ಣ. ಮೂಟೆ ಹನ್ನೆರಡು ವರ್ಷದಿಂದ ಅಷ್ಟೇ ಇದೆ. ನೀನು ಅಷ್ಟೇ ಇದ್ದೀಯಾ?”

ಕೇಳಿದೆಯಾ ಗುರುಸಿದ್ಧ? ಮೂಟೆ ಕಟ್ಟಿದಾಗ ಅವನು ಕಡ್ಡಿಯಂತಿದ್ದ. ಆಮೇಲೆ ಮದುವೆಯಾಯಿತು, ಹೆಂಡತಿಯ ಕೈರುಚಿ ಚೆನ್ನಾಗಿತ್ತು. ಗಾಳಿ, ಬಿದಿರು, ಬಟ್ಟೆ ಎಲ್ಲವನ್ನೂ ಅಳೆದವನು ತನ್ನನ್ನು ಮಾತ್ರ ಇನ್ನೊಮ್ಮೆ ತೂಗಿಕೊಂಡಿರಲಿಲ್ಲ!

ಅವನಿಗೆ ನಂಬಿಕೆ ಬರಲಿಲ್ಲ. ಹುಣಸೆಮರಕ್ಕೆ ಒಂದು ಬೊಂಬನ್ನು ಅಡ್ಡಲಾಗಿ ತೂಗುಹಾಕಿ, ಒಂದು ತುದಿಗೆ ಮೂಟೆ ಕಟ್ಟಿ, ಇನ್ನೊಂದು ತುದಿಗೆ ತಾನು ಜೋತುಬಿದ್ದ. ಮೂಟೆ ಮೇಲಕ್ಕೆ, ಇವನು ಧೊಪ್ಪನೆ ಕೆಳಕ್ಕೆ. ಅವನು ಬಿಟ್ಟ ತುದಿಗೆ ತಮಾಷೆಗೆಂದು ತಂಗಿಯೂ ಜೋತುಬಿದ್ದಳು. ಬೊಂಬು ಅತ್ತಲೂ ವಾಲಲಿಲ್ಲ, ಇತ್ತಲೂ ವಾಲಲಿಲ್ಲ. ಅವಳ ನಗು ನಿಂತುಹೋಯಿತು. ಇಳಿದು ಮನೆಗೆ ಹೋದಳು.

ಎರಡು ದಿನ ಅವನು ರೆಕ್ಕೆಯ ಹತ್ತಿರವೂ ಸುಳಿಯಲಿಲ್ಲ. ಹನ್ನೆರಡು ವರ್ಷ ಕಂಡ ಕನಸು ಅವನದು. ದೊಡ್ಡ ರೆಕ್ಕೆ ಕಟ್ಟೋಣವೆಂದರೆ ಇನ್ನೆಷ್ಟು ಆಷಾಢ ಬೇಕೋ. ತಂಗಿಯನ್ನು ಕಳಿಸೋಣವೆಂದರೆ, ಬಿದ್ದರೆ? ಬೀಳದೆ ಹಾರಿಯೇಬಿಟ್ಟರೆ? ಎರಡೂ ಅವನಿಗೆ ನುಂಗಲಾರದ ತುತ್ತು.

ಆಷಾಢ ಮುಗಿಯುತ್ತಾ ಬಂತು. ಗಾಳಿ ಇನ್ನು ಎರಡು ದಿನ ಇದ್ದರೆ ಹೆಚ್ಚು. ಮೂರನೆಯ ಬೆಳಿಗ್ಗೆ ಅವನು ತಂಗಿಯ ಮುಂದೆ ಹೋಗಿ ನಿಂತ. “ಏಳೇ, ಸೀರೆ ಕಚ್ಚೆ ಹಾಕಿ ಉಟ್ಕೊಂಡು ಬಾ.”

“ಹಗ್ಗ ಯಾರು ಹಿಡೀತಾರೆ?” ಎಂದಳು ಅವಳು.

“ನಾನಿಲ್ವೇನೇ?” ಎಂದ.

ಓಡಿದ. ಹಗ್ಗ ಎಳೆದರೆ ಬಿಟ್ಟ, ಸಡಿಲವಾದರೆ ಜಗ್ಗಿದ. ಕಣ್ಣು ಮಾತ್ರ ಮೇಲೆ. ಕಾಲಿಗೆ ಮುಳ್ಳು ಚುಚ್ಚಿದ್ದೂ ತಿಳಿಯಲಿಲ್ಲ. ತಂಗಿ ತೆಂಗಿನಮರದ ಎತ್ತರಕ್ಕೆ ಏರಿದಾಗ ಸುಳಿಗಾಳಿ ಹೊಡೆದು ರೆಕ್ಕೆ ಒಂದು ಪಕ್ಕಕ್ಕೆ ವಾಲಿತು. ಅವನು ಎರಡು ಮಾರು ಹಗ್ಗ ಬಿಟ್ಟು, ಬಲಕ್ಕೆ ಓಡಿ, ಮತ್ತೆ ಜಗ್ಗಿದ. ರೆಕ್ಕೆ ಸರಿಹೋಯಿತು. ಬಯಲಿನ ಆ ಕೊನೆಯವರೆಗೂ ಅವಳನ್ನು ಹಾಗೇ ಹಾರಿಸಿಕೊಂಡು ಹೋಗಿ, ಉತ್ತ ಹೊಲದ ಮೆತ್ತನೆ ಮಣ್ಣಿನಲ್ಲಿ ಇಳಿಸಿದ.

“ಅಣ್ಣಾ, ಮೇಲಿಂದ ನಮ್ಮ ಬಾವಿ ಎಷ್ಟು ಗುಂಡಗೆ ಕಾಣುತ್ತೆ ಗೊತ್ತಾ!” ಎಂದು ಅವಳು ಕೂಗಿದಳು. ಅವನು ಏದುಸಿರು ಬಿಡುತ್ತಾ ಮಣ್ಣಿನಲ್ಲೇ ಕೂತು ಮನಸಾರೆ ನಕ್ಕ.

ಗುರುಗಳು ಕತೆ ನಿಲ್ಲಿಸಿದರು. ಗುರುಸಿದ್ಧ ಮೆಲ್ಲಗೆ ಕೇಳಿದ: “ತಂಗಿ ಅಷ್ಟೆತ್ತರದಲ್ಲಿ ಇದ್ದಾಗ ಅವನ ಹೊಟ್ಟೆ ಉರಿಯಲಿಲ್ಲವೇ, ಬುದ್ಧಿ?”

“ಉರಿದೇ ಇರುತ್ತದೆ ಕಣಯ್ಯಾ, ಆದರೆ ಹಗ್ಗ ಹಿಡಿದು ಮೇಲೆ ನೋಡುತ್ತಾ ಓಡುವವನಿಗೆ ಅದನ್ನು ವಿಚಾರಿಸಿಕೊಳ್ಳಲು ಪುರುಸೊತ್ತೆಲ್ಲಿತ್ತು?”